ಕಂಪ್ಯೂಟರಿನಲ್ಲಿ ಇಂಟರ್ನೆಟ್ ತಿನ್ನುತ್ತಿರುವುದು ಯಾವುದು? ಪತ್ತೆ ಹಚ್ಚುವ ಬಗೆ

ಈ ಕ್ಷಣ ಲೈನನ್ನು ಹಿಡಿದುಕೊಂಡಿರುವುದು ಯಾವ ಪ್ರೋಗ್ರಾಂ, ತಿಂಗಳಿಡೀ ಡೇಟಾ ಖಾಲಿ ಮಾಡಿದ್ದು ಯಾವುದು? ಇವು ಬೇರೆ ಬೇರೆ ಪ್ರಶ್ನೆಗಳು, ಉತ್ತರವೂ ಹೆಚ್ಚಿನ ಸಲ ಬೇರೆಯೇ. ವಿಂಡೋಸ್‌ನಲ್ಲಿ ಎರಡನ್ನೂ ನೋಡಲು ಹೊಸದೇನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ.

ಮೊದಲು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಪ್ರೊಸೆಸಸ್ ಪುಟದ ನೆಟ್‌ವರ್ಕ್ ಕಾಲಂ ಮೇಲೆ ಕ್ಲಿಕ್ ಮಾಡಿದರೆ ಹೆಚ್ಚು ಬಳಸುವುದು ಮೇಲೆ ಬರುತ್ತದೆ. ಹತ್ತು ಸೆಕೆಂಡ್ ನೋಡಿ ಮುಚ್ಚಬೇಡಿ. ಸಿಂಕ್ ಮಾಡುವ, ಅಂದರೆ ಫೈಲ್‌ಗಳನ್ನು ನೆಟ್‌ನಲ್ಲಿರುವ ಪ್ರತಿಯೊಂದಿಗೆ ಸರಿಹೊಂದಿಸುವ ಪ್ರೋಗ್ರಾಂಗಳು ತಡೆತಡೆದು ಕಳಿಸುತ್ತವೆ. ಎರಡು ಮೂರು ನಿಮಿಷವಾದರೂ ಕಣ್ಣಿಟ್ಟಿರಿ.

ಇನ್ನಷ್ಟು ವಿವರ ಬೇಕಿದ್ದರೆ ಸ್ಟಾರ್ಟ್ ಮೆನುವಿನಲ್ಲಿ ರಿಸೋರ್ಸ್ ಮಾನಿಟರ್ ಹುಡುಕಿ, ಅದರ ನೆಟ್‌ವರ್ಕ್ ಪುಟಕ್ಕೆ ಹೋಗಿ. ಪ್ರೋಗ್ರಾಂ ಹೆಸರಿನ ಪಕ್ಕದ ಚೌಕಕ್ಕೆ ಟಿಕ್ ಹಾಕಿದರೆ ಕೆಳಗಿನ ಪಟ್ಟಿಗಳಲ್ಲಿ ಅದರ ಸಂಪರ್ಕಗಳು ಮಾತ್ರ ಉಳಿಯುತ್ತವೆ. ಇಲ್ಲಿ ಎಡವುವ ಜಾಗ ಎರಡಿದೆ. ಟಾಸ್ಕ್ ಮ್ಯಾನೇಜರ್ ತೋರಿಸುವುದು ಮೆಗಾಬಿಟ್, ಇದು ತೋರಿಸುವುದು ಬೈಟ್. 8 ಬಿಟ್ ಸೇರಿದರೆ 1 ಬೈಟ್. ಅಲ್ಲಿ 8 ಮೆಗಾಬಿಟ್ ಎಂದು ಕಂಡದ್ದು ಇಲ್ಲಿ ಸುಮಾರು 10,00,000 ಬೈಟ್ ಆಗಿ ಕಂಡರೆ ಗಾಬರಿ ಬೇಡ. ಇನ್ನೊಂದು, ಈ ಅಂಕಿ ಕಳೆದ ಒಂದು ನಿಮಿಷದ ಸರಾಸರಿ. ಡೌನ್‌ಲೋಡ್ ನಿಲ್ಲಿಸಿದ ಮೇಲೂ ಸ್ವಲ್ಪ ಹೊತ್ತು ಹೆಸರು ಅಲ್ಲೇ ಇರುತ್ತದೆ.

ಕಮಾಂಡ್ ಪ್ರಾಂಪ್ಟ್‌ನಲ್ಲಿ ನೆಟ್‌ಸ್ಟ್ಯಾಟ್ ಎಂದು ಟೈಪ್ ಮಾಡಿ, ಒಂದು ಸ್ಪೇಸ್ ಬಿಟ್ಟು, ಅಡ್ಡಗೆರೆಯ ಜೊತೆ ಎ, ಎನ್, ಓ ಅಕ್ಷರಗಳನ್ನು ಹಾಕಿದರೆ (netstat -ano) ಎಲ್ಲ ಸಂಪರ್ಕಗಳ ಪಟ್ಟಿ ಬರುತ್ತದೆ. ಕೊನೆಯ ಕಾಲಂನಲ್ಲಿರುವುದು ಪಿಐಡಿ, ಅಂದರೆ ಓಡುತ್ತಿರುವ ಪ್ರತಿ ಪ್ರೋಗ್ರಾಂಗೆ ವಿಂಡೋಸ್ ಕೊಟ್ಟ ಗುರುತಿನ ಸಂಖ್ಯೆ. ಅದೇ ಸಂಖ್ಯೆಯನ್ನು ಟಾಸ್ಕ್ ಮ್ಯಾನೇಜರಿನ ಡೀಟೇಲ್ಸ್ ಪುಟದಲ್ಲಿ ಹುಡುಕಿದರೆ ಪ್ರೋಗ್ರಾಂ ಸಿಗುತ್ತದೆ. ವಿಳಾಸ 127.0.0.1 ಎಂದಿದ್ದರೆ ಕಂಪ್ಯೂಟರ್ ತನ್ನೊಂದಿಗೆ ತಾನೇ ಮಾತಾಡುತ್ತಿದೆ, ಬಿಟ್ಟುಬಿಡಿ. ಟೈಮ್ ವೇಟ್ ಎಂಬ ಸಾಲುಗಳು ಮುಗಿದ ಸಂಪರ್ಕಗಳ ಪಳೆಯುಳಿಕೆ, ಅವೂ ನಿರುಪದ್ರವಿ. ಕ್ಲೋಸ್ ವೇಟ್ ನೂರಾರು ಗುಡ್ಡೆಬಿದ್ದಿದ್ದರೆ ಆ ಪ್ರೋಗ್ರಾಂ ಸಂಪರ್ಕ ಮುಚ್ಚುವುದನ್ನು ಮರೆತಿದೆ ಎಂದರ್ಥ.

ಗುರುತಿಲ್ಲದ ಐಪಿ ವಿಳಾಸ (ನೆಟ್‌ನಲ್ಲಿ ಒಂದು ಸಾಧನವನ್ನು ಗುರುತಿಸುವ ಸಂಖ್ಯೆ) ಕಂಡ ಕೂಡಲೇ ಹ್ಯಾಕರ್ ಎಂದುಕೊಳ್ಳಬೇಡಿ. ಎಷ್ಟೋ ವೆಬ್‌ಸೈಟುಗಳು ದೊಡ್ಡ ಕಂಪನಿಗಳ ಬಾಡಿಗೆ ಸರ್ವರ್‌ಗಳಲ್ಲಿರುವುದರಿಂದ ವಿಳಾಸದಿಂದ ತಿಳಿಯುವುದು ಕಡಿಮೆ. ಅದಕ್ಕಿಂತ ಪ್ರೋಗ್ರಾಂ ಇರುವ ಜಾಗವನ್ನು ನೋಡಿ: ಟಾಸ್ಕ್ ಮ್ಯಾನೇಜರಿನಲ್ಲಿ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ಓಪನ್ ಫೈಲ್ ಲೊಕೇಶನ್ ಒತ್ತಿ. ವಿಂಡೋಸ್‌ನ ಹಿನ್ನೆಲೆ ಸೇವೆಗಳನ್ನು ನಡೆಸುವ ಎಸ್‌ವಿಸಿಹೋಸ್ಟ್, ವಿಂಡೋಸ್ ಫೋಲ್ಡರಿನೊಳಗಿನ ಸಿಸ್ಟಂ32 ಫೋಲ್ಡರಿನಲ್ಲಿ ಇದ್ದರೆ ಸರಿ. ತಾತ್ಕಾಲಿಕ ಫೈಲ್‌ಗಳ ಟೆಂಪ್ ಫೋಲ್ಡರಿನಲ್ಲಿ ಇದ್ದರೆ ನೆಟ್ ಕಡಿದು ಆಂಟಿವೈರಸ್ ಓಡಿಸಿ.

ಜನ ಡೌನ್‌ಲೋಡನ್ನೇ ನೋಡುತ್ತಾರೆ, ಕಳ್ಳ ಅಪ್‌ಲೋಡ್‌ನಲ್ಲಿರುತ್ತಾನೆ. ಫೋಟೋ ಬ್ಯಾಕಪ್ ಅಪ್‌ಲೋಡ್ ದಾರಿಯನ್ನು ತುಂಬಿಬಿಟ್ಟರೆ, ಡೌನ್‌ಲೋಡ್‌ಗೆ ಬೇಕಾದ ‘ತಲುಪಿತು’ ಎಂಬ ಚಿಕ್ಕ ಮರುತ್ತರಗಳೂ ಸಾಲಿನಲ್ಲಿ ನಿಲ್ಲುತ್ತವೆ. ವೆಬ್ ಪುಟಗಳೂ ತೆವಳುತ್ತವೆ. ಸೆಕೆಂಡಿಗೆ 2 ಮೆಗಾಬಿಟ್‌ನಂತೆ ಒಂದು ಗಂಟೆ ಹೋದರೆ 900 ಎಂಬಿ ಖರ್ಚು. ಬ್ಯಾಕಪ್ ಪ್ರೋಗ್ರಾಂನಲ್ಲಿ ಅಪ್‌ಲೋಡ್ ಮಿತಿ ಇದ್ದರೆ ಲೈನಿನ ಅಪ್‌ಲೋಡ್ ವೇಗದ ಮುಕ್ಕಾಲು ಪಾಲಿಗೆ ಕಟ್ಟಿಹಾಕಿ. ವಿಂಡೋಸ್ ಅಪ್‌ಡೇಟ್ ಕೂಡ ಬೇರೆ ಕಂಪ್ಯೂಟರುಗಳಿಗೆ ಫೈಲ್ ಹಂಚುತ್ತಿರಬಹುದು. ಅದನ್ನು ಅದರ ಅಡ್ವಾನ್ಸ್‌ಡ್ ಆಪ್ಷನ್ಸ್ ಒಳಗಿನ ಡೆಲಿವರಿ ಆಪ್ಟಿಮೈಸೇಶನ್‌ನಲ್ಲಿ ನಿಲ್ಲಿಸಬಹುದು.

ತಿಂಗಳ ಲೆಕ್ಕಕ್ಕೆ ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ಭಾಗದಲ್ಲಿ ಡೇಟಾ ಯೂಸೇಜ್ ನೋಡಿ. 30 ದಿನಗಳದ್ದು ಪ್ರೋಗ್ರಾಂವಾರು ಸಿಗುತ್ತದೆ. ಮ್ಯಾಕ್‌ನಲ್ಲಿ ಆಕ್ಟಿವಿಟಿ ಮಾನಿಟರ್ ಇದೆ, ಆದರೆ ಅದರ ಪಟ್ಟಿಯಲ್ಲಿರುವುದು ವೇಗವಲ್ಲ, ಒಟ್ಟು ಮೊತ್ತ. ಲಿನಕ್ಸ್‌ನಲ್ಲಿ ಈ ಕ್ಷಣಕ್ಕೆ ನೆಟ್‌ಹಾಗ್ಸ್ ಎಂಬ ಪ್ರೋಗ್ರಾಂ, ತಿಂಗಳ ಒಟ್ಟು ಮೊತ್ತಕ್ಕೆ ವಿಎನ್‌ಸ್ಟ್ಯಾಟ್. ಎರಡನೆಯದು ಇನ್‌ಸ್ಟಾಲ್ ಮಾಡಿದ ದಿನದಿಂದಷ್ಟೇ ಎಣಿಸುತ್ತದೆ.

ಇಷ್ಟೆಲ್ಲ ನೋಡಿದರೂ ಕಂಪ್ಯೂಟರ್ ಶಾಂತವಾಗಿದ್ದು ನೆಟ್ ಮಾತ್ರ ತೆವಳುತ್ತಿದ್ದರೆ ತಪ್ಪು ಬೇರೆ ಕಡೆ ಇದೆ. ಬ್ರೌಸರಿನಲ್ಲಿ ತೆರೆಯುವ ರೌಟರಿನ ಸೆಟ್ಟಿಂಗ್ಸ್ ಪುಟದಲ್ಲಿ ಜೋಡಣೆಯಾದ ಸಾಧನಗಳ ಪಟ್ಟಿ ತೆರೆದು, ಫೋನ್, ಟಿವಿಗಳ ವೈಫೈಯನ್ನು ಒಂದೊಂದಾಗಿ ಆಫ್ ಮಾಡುತ್ತಾ ಬನ್ನಿ, ಪ್ರತಿ ಸಲವೂ ವೇಗ ಅಳೆಯಿರಿ.