ಪೋಪ್ ರಾಜ್ಯದ ತಾಮ್ರದ ಕಾಸು: ಓದುವುದು ಹೇಗೆ?

ಇಟಲಿಯ ನಡುಭಾಗವನ್ನು ಶತಮಾನಗಳ ಕಾಲ ಪೋಪ್‌ಗಳು ಆಳಿದರು. ಧರ್ಮಗುರುವೂ ಅವರೇ, ದೊರೆಯೂ ಅವರೇ. ಅವರ ಚಿನ್ನ, ಬೆಳ್ಳಿ ನಾಣ್ಯಗಳು ಚೆಂದವೇ. ಆದರೂ ನನಗೆ ಅವರ ತಾಮ್ರದ ಕಾಸಿನ ಮೇಲೆ ಪ್ರೀತಿ ಜಾಸ್ತಿ. ರೊಟ್ಟಿ, ತರಕಾರಿ ಕೊಳ್ಳುವ ಬಡವರ ಕೈಯಲ್ಲಿ ಸವೆದದ್ದು ಇವೇ ಅಲ್ವಾ? 18ನೇ ಶತಮಾನದ ಅಂಥದ್ದೊಂದು ಕಾಸು ನಿಮಗೆ ಸಿಕ್ಕಿದರೆ ಹೀಗೆ ಓದಿ.

ಮೊದಲನೆಯದು, ತೊಳೆಯಬೇಡಿ. ತಾಮ್ರದ ಚೊಂಬು ಬೆಳಗುವ ಹಾಗೆ ಹುಣಸೆಹಣ್ಣು ಹಾಕಿ ತಿಕ್ಕಿದರೆ ಹೊಳಪು ಬರುತ್ತದೆ, ನಿಜ. ಆದರೆ ಕಂದು ಪದರದ ಜೊತೆ ಸಣ್ಣ ಅಕ್ಷರಗಳೂ ಸವೆದುಹೋಗುತ್ತವೆ. ಹಸಿರು ಕಿಲುಬು ಕಂಡರೆ ಒಣ ಜಾಗದಲ್ಲಿ, ಬೇರೆ ನಾಣ್ಯಗಳಿಂದ ದೂರ ಇಡಿ. ನಾಣ್ಯದ ಅಂಚು ಹಿಡಿದು ಪಕ್ಕದಿಂದ ಟಾರ್ಚ್ ಬಿಡಿ. ಮಾಸಿದ ಅಕ್ಷರ ನೆರಳಿನಲ್ಲಿ ಎದ್ದು ಕಾಣುತ್ತದೆ.

ಆಮೇಲೆ ಬೆಲೆ ಹುಡುಕಿ. ಕ್ವಾತ್ರೀನೊ, ಬಯೋಕ್ಕೊ, ಸ್ಕೂದೊ ಎಂಬುವು ಅಲ್ಲಿನ ನಾಣ್ಯಗಳ ಹೆಸರು. 5 ಕ್ವಾತ್ರೀನೊ ಸೇರಿದರೆ 1 ಬಯೋಕ್ಕೊ. 100 ಬಯೋಕ್ಕೊಗೆ 1 ಬೆಳ್ಳಿ ಸ್ಕೂದೊ. ‘ಮೆದ್ಸೊ ಬಯೋಕ್ಕೊ’ ಎಂದಿದ್ದರೆ ಅರ್ಧ ಬಯೋಕ್ಕೊ.

ಮೂರನೆಯದಾಗಿ, ಯಾವ ಪೋಪ್ ಎಂದು ನೋಡಿ. ಅಡ್ಡಡ್ಡ ಇಟ್ಟ ಎರಡು ಬೀಗದ ಕೈ, ಮೂರು ಸುತ್ತಿನ ಕಿರೀಟ ಎಲ್ಲ ಪೋಪ್‌ಗಳಿಗೂ ಸೇರಿದ ಗುರುತು. ಗುರಾಣಿಯೊಳಗಿನ ಚಿತ್ರ ಮಾತ್ರ ಅವರವರ ಮನೆತನದ್ದು. ಉದ್ದುದ್ದ ಪಟ್ಟೆ ಇದ್ದರೆ 14ನೇ ಬೆನೆಡಿಕ್ಟ್. ಲಿಲ್ಲಿ ಹೂವಿನ ಮೇಲೆ ಗಾಳಿ ಊದುತ್ತಿರುವ ಮುಖವಿದ್ದರೆ 6ನೇ ಪಯಸ್.

ಇಸವಿ ಓದುವಾಗ ಎಡವುವವರೇ ಹೆಚ್ಚು. ಎಷ್ಟೋ ನಾಣ್ಯಗಳಲ್ಲಿ ಇಸವಿ ಇರುವುದಿಲ್ಲ. ಪೋಪ್ ಪಟ್ಟಕ್ಕೆ ಬಂದು ಎಷ್ಟನೇ ವರ್ಷ ಎಂದು ರೋಮನ್ ಅಂಕಿಯಲ್ಲಿ ಇರುತ್ತದೆ. 6ನೇ ಪಯಸ್ ಆಯ್ಕೆಯಾದದ್ದು 1775ರ ಫೆಬ್ರುವರಿ 15ರಂದು. ಅಲ್ಲಿಂದ ಎಣಿಸಿದರೆ 23ನೇ ವರ್ಷ ಶುರುವಾಗುವುದು 1797ರ ಫೆಬ್ರುವರಿಯಲ್ಲಿ.

ಕೊನೆಗೆ ಊರಿನ ಹೆಸರು. ಇದನ್ನು ಸುಮ್ನೆ ದಾಟಿ ಹೋಗಬೇಡಿ, ಇಲ್ಲೇ ಕಥೆ ಇರುವುದು. ರೋಮ್ ಎಂದಿದ್ದರೆ ಸರಿ, ಅದು ರಾಜಧಾನಿ. ಆದರೆ 1796–97ರ ಸುಮಾರಿನ ಕಾಸುಗಳಲ್ಲಿ ಗುಬ್ಬಿಯೊ, ಫೊಲಿನ್ಯೊ, ಮಾತೆಲಿಕಾ, ಸಾನ್ ಸೆವೆರಿನೊದಂಥ ಚಿಕ್ಕ ಊರುಗಳ ಹೆಸರೂ ಸಿಗುತ್ತದೆ. ಇಷ್ಟು ಊರುಗಳಲ್ಲಿ ಟಂಕಸಾಲೆ ಯಾಕೆ ಬೇಕಾಯಿತು? ನೆಪೋಲಿಯನ್ ಸೇನೆ ಇಟಲಿಗೆ ನುಗ್ಗಿತ್ತು. 1797ರ ತೊಲೆಂತಿನೊ ಒಪ್ಪಂದದಲ್ಲಿ ಪೋಪ್ ಭಾರಿ ದಂಡ ತೆರಬೇಕಾಯಿತು. ಬೆಳ್ಳಿ ಬರಿದಾಯಿತು. ಸಂತೆಗೆ ಚಿಲ್ಲರೆ ಬೇಕಲ್ಲ, ಊರೂರಲ್ಲಿ ದಪ್ಪ ತಾಮ್ರದ ಕಾಸು ಹೊಡೆದರು. ಸಂತ ಪೀಟರ್ ಮುಖವಿರುವ ಎರಡೂವರೆ ಬಯೋಕ್ಕೊ ‘ಸಾಂಪಿಯೆತ್ರೀನೊ’. ಮೇರಿ ಮಾತೆಯ ಮುಖವಿರುವ 5 ಬಯೋಕ್ಕೊ ‘ಮದೊನ್ನೀನಾ’. ಮೊದಲು ಬೆಳ್ಳಿಯಲ್ಲಿ ಸಿಗುತ್ತಿದ್ದ ಬೆಲೆ ಈಗ ತಾಮ್ರದ ಮೇಲೆ ಬರೀ ಅಕ್ಷರವಾಗಿ ಕೂತಿತ್ತು.

1798ರ ಫೆಬ್ರುವರಿ 15ರಂದು ಫ್ರೆಂಚ್ ಸೇನೆಯ ಕಾವಲಿನಲ್ಲಿ ರೋಮ್ ಗಣರಾಜ್ಯವೆಂದು ಸಾರಲಾಯಿತು. 6ನೇ ಪಯಸ್ ಆಯ್ಕೆಯಾಗಿ ಅವತ್ತಿಗೆ ಸರಿಯಾಗಿ 23 ವರ್ಷ. ನಿಮ್ಮ ಕಾಸಿನಲ್ಲಿ 23ನೇ ವರ್ಷ ಎಂದಿದ್ದರೆ ಟಾರ್ಚ್ ಇನ್ನೊಮ್ಮೆ ಬಿಟ್ಟು, ಊರು ಯಾವುದೆಂದು ನೋಡಿ.