ದಿನಕ್ಕೆ ಕಾಲು ಗಂಟೆ: ಪರಿಪೂರ್ಣತೆಯ ಹಂಬಲವನ್ನು ಆತ್ಮಶೋಧನೆಯ ದಾರಿಗೆ ಹಚ್ಚುವುದು ಹೇಗೆ

ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸ, ಪ್ರಾರ್ಥನೆಗಳ ತಪಸ್ಸುಕಾಲ ಶುರುವಾಗುತ್ತಿದ್ದಂತೆ ಅನೇಕರು ಮನಸ್ಸಿನಲ್ಲೇ ಒಂದು ಪಟ್ಟಿ ಹಾಕಿಕೊಳ್ಳುತ್ತಾರೆ. ಸಿಟ್ಟು ಮಾಡಬಾರದು, ದಿನಾ ಜಪಸರ ಹೇಳಬೇಕು, ಯಾರ ಬಗ್ಗೆಯೂ ಹಗುರಾಗಿ ಮಾತಾಡಬಾರದು, ಮಾಂಸ ಬಿಡಬೇಕು. ಮೂರನೇ ವಾರಕ್ಕೆ ಪಟ್ಟಿ ಮರೆತುಹೋಗಿ ಬೇಸರವಷ್ಟೇ ಉಳಿದಿರುತ್ತದೆ. ಹಂಬಲ ನಿಜವಾದದ್ದೇ, ಆದರೆ ಅದಕ್ಕೊಂದು ಕ್ರಮ ಬೇಕು. ಯೇಸುಸಭೆಯನ್ನು ಸ್ಥಾಪಿಸಿದ ಲೊಯೋಲದ ಸಂತ ಇಗ್ನೇಷಿಯಸ್ (1491–1556) ಆತ್ಮಶೋಧನೆಯ ಅಂಥ ಕ್ರಮವೊಂದನ್ನು ತಮ್ಮ ‘ಆಧ್ಯಾತ್ಮಿಕ ಸಾಧನೆಗಳು’ ಕೃತಿಯಲ್ಲಿ ಬರೆದಿಟ್ಟಿದ್ದಾರೆ. ಮೂರನೇ ಪೌಲ್ ಜಗದ್ಗುರುಗಳು (ಪೋಪ್) 1548ರಲ್ಲಿ ಅದಕ್ಕೆ ಒಪ್ಪಿಗೆಯಿತ್ತರು. ಮಠದೊಳಗಿನವರಷ್ಟೇ ಮಾಡುವ ಸಾಧನೆ ಇದಲ್ಲ; ಅಡುಗೆಮನೆ, ಆಫೀಸು, ಬಸ್ಸುಗಳ ನಡುವೆ ದಿನ ಕಳೆಯುವವರೂ ಮಾಡಬಹುದು.

ಶುರು ಮಾಡುವ ಮುನ್ನ ‘ಪರಿಪೂರ್ಣತೆ’ ಅಂದರೇನು ಅನ್ನುವುದು ಸ್ಪಷ್ಟವಾಗಿರಬೇಕು. ‘ನಿಮ್ಮ ಸ್ವರ್ಗೀಯ ಪಿತ ಪರಿಪೂರ್ಣರಾಗಿರುವಂತೆ ನೀವೂ ಪರಿಪೂರ್ಣರಾಗಿರಿ’ ಎಂಬ ಮತ್ತಾಯನ ಶುಭಸಂದೇಶದ ಮಾತನ್ನು (5:48) ‘ಒಂದೂ ತಪ್ಪು ಆಗಕೂಡದು’ ಎಂಬ ಆಜ್ಞೆಯಾಗಿ ಓದಿಕೊಂಡು ಹೆದರುವವರೇ ಹೆಚ್ಚು. ಅದರ ಹಿಂದಿನ ಐದು ವಾಕ್ಯ ಓದಿ ನೋಡಿ. ಅಲ್ಲಿರುವುದೆಲ್ಲ ಶತ್ರುವನ್ನು ಪ್ರೀತಿಸುವ ಮಾತು, ಒಳ್ಳೆಯವರಿಗೂ ಕೆಟ್ಟವರಿಗೂ ಸುರಿಯುವ ಮಳೆಯ ಮಾತು. ಲೂಕನ ಶುಭಸಂದೇಶದಲ್ಲಿ ಇದೇ ಬೋಧನೆ ‘ದಯಾವಂತರಾಗಿರಿ’ ಎಂದು ಮುಗಿಯುತ್ತದೆ (6:36). ಕಥೋಲಿಕ ಧರ್ಮಾಧ್ಯಕ್ಷರೆಲ್ಲ ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲಿ ಎಲ್ಲ ಕ್ರೈಸ್ತರನ್ನೂ ಪಾವಿತ್ರ್ಯಕ್ಕೆ ಕರೆದಾಗ ಹೇಳಿದ್ದೂ ‘ಪ್ರೀತಿಯ ಪರಿಪೂರ್ಣತೆ’ ಎಂದೇ. ದೇವರ ವಿಶೇಷ ವರವಿಲ್ಲದೆ ಜೀವನಪೂರ್ತಿ ಎಲ್ಲ ಲಘುಪಾಪಗಳನ್ನೂ ಯಾರೂ ತಪ್ಪಿಸಿಕೊಳ್ಳಲಾರರು, ಮಾತೆ ಮರಿಯಮ್ಮನವರಿಗೆ ಆ ವರವಿತ್ತು ಎಂದು ಟ್ರೆಂಟ್ ಮಹಾಸಭೆ 1547ರಲ್ಲೇ ಬೋಧಿಸಿತ್ತು. ಹಾಗಾಗಿ ಸೊನ್ನೆ ತಪ್ಪು ನಿಮ್ಮ ಗುರಿಯಲ್ಲ. ಪ್ರೀತಿ ಎಲ್ಲಿ ಸಿಕ್ಕಿಹಾಕಿಕೊಂಡಿದೆ ಎಂದು ಕಂಡುಕೊಂಡು, ಅಲ್ಲಿ ದೇವರ ವರಪ್ರಸಾದಕ್ಕೆ ಜಾಗ ಮಾಡಿಕೊಡುವುದು ಗುರಿ.

ರಾತ್ರಿಯ ಹದಿನೈದು ನಿಮಿಷ

ಊಟವಾದ ಮೇಲೆ, ಹಾಸಿಗೆಗೆ ಹೋಗುವ ಮೊದಲು ಕೂತುಕೊಳ್ಳಿ. ಮಲಗಿಕೊಂಡು ಮಾಡಲು ಹೋದರೆ ಎರಡನೇ ಹೆಜ್ಜೆಯಲ್ಲೇ ನಿದ್ದೆ ಬರುತ್ತದೆ. ಮೊಬೈಲನ್ನು ಬೇರೆ ಕೋಣೆಯಲ್ಲಿಡಿ. ಇಗ್ನೇಷಿಯಸ್ ಕೊಟ್ಟ ಐದು ಹೆಜ್ಜೆಗಳು ಇವು. ನಿಮಿಷದ ಹಂಚಿಕೆ ನಮ್ಮದು.

1. ಕೃತಜ್ಞತೆ, 4 ನಿಮಿಷ. ಇವತ್ತು ಸಿಕ್ಕಿದ್ದನ್ನು ಹೆಸರು ಹಿಡಿದು ನೆನೆಯಿರಿ. ‘ಎಲ್ಲದಕ್ಕೂ ವಂದನೆ’ ಅಂದರೆ ಸಾಲದು. ಬೆಳಿಗ್ಗೆ ಸೀಟು ಬಿಟ್ಟುಕೊಟ್ಟವರು, ಇಳಿದ ಜ್ವರ, ಸಾಲ ತೀರಿಸಿ ಬಂದ ಗೆಳೆಯ ಎಂದು ಒಂದೊಂದಾಗಿ ಎತ್ತಿ ಹೇಳಿ.
2. ಬೆಳಕಿಗಾಗಿ ಬೇಡಿಕೆ, 1 ನಿಮಿಷ. ಪಾಪವನ್ನು ಕಾಣುವ ಕಣ್ಣನ್ನೂ ಅದನ್ನು ಬಿಡುವ ಶಕ್ತಿಯನ್ನೂ ಕೇಳಿಕೊಳ್ಳಿ.
3. ದಿನವನ್ನು ಹಿಂತಿರುಗಿ ನೋಡುವುದು, 6 ನಿಮಿಷ. ಎದ್ದ ಹೊತ್ತಿನಿಂದ ಈಗಿನವರೆಗೆ, ಗಂಟೆ ಗಂಟೆಯಾಗಿ. ಮೊದಲು ಆಲೋಚನೆ, ಆಮೇಲೆ ಮಾತು, ಕೊನೆಗೆ ಕೃತಿ.
4. ಕ್ಷಮೆ ಬೇಡುವುದು, 2 ನಿಮಿಷ.
5. ನಾಳೆಗೆ ಒಂದೇ ಒಂದು ನಿರ್ಧಾರ, 2 ನಿಮಿಷ. ಕೊನೆಗೆ ಪರಲೋಕ ಮಂತ್ರ, ಅಂದರೆ ಯೇಸು ಕಲಿಸಿದ ಪ್ರಾರ್ಥನೆ.

ಮೊದಲ ಹೆಜ್ಜೆಯನ್ನು ಹಾರಿಸಿ ನೇರ ಮೂರನೆಯದಕ್ಕೆ ಇಳಿಯುವುದು ಎಲ್ಲರೂ ಮಾಡುವ ತಪ್ಪು. ಆಗ ಪ್ರಾರ್ಥನೆ ತನ್ನನ್ನು ತಾನೇ ಬೈದುಕೊಳ್ಳುವ ವಿಚಾರಣೆಯಾಗುತ್ತದೆ, ದೇವರು ಅಲ್ಲಿ ಬರೀ ನ್ಯಾಯಾಧೀಶರಾಗಿಬಿಡುತ್ತಾರೆ. ತುಂಬಾ ದಣಿದ ದಿನ ಐದನ್ನೂ ಮಾಡಲು ಆಗದಿದ್ದರೆ ಮೂರನೆಯದನ್ನು ಮೊಟಕು ಮಾಡಿ, ಮೊದಲನೆಯದನ್ನು ಮುಟ್ಟಬೇಡಿ.

ಒಂದೇ ದೋಷದ ಪುಸ್ತಕ

ಈ ವಿಧಾನದಲ್ಲಿ ನಿಜವಾಗಿ ಕೆಲಸ ಮಾಡುವ ಭಾಗ ಇದು, ಹೆಚ್ಚಿನವರು ಕೈಬಿಡುವುದೂ ಇದನ್ನೇ. ಇಗ್ನೇಷಿಯಸ್ ಇದನ್ನು ವಿಶೇಷ ಶೋಧನೆ ಎನ್ನುತ್ತಾರೆ: ಒಂದು ಕಾಲಕ್ಕೆ ಒಂದೇ ದೋಷ, ದಿನಕ್ಕೆ ಮೂರು ಹೊತ್ತು. ಬೆಳಿಗ್ಗೆ ಎದ್ದ ತಕ್ಷಣ ನಿರ್ಧಾರ. ಮಧ್ಯಾಹ್ನದ ಊಟದ ನಂತರ ಮೊದಲ ಲೆಕ್ಕ. ರಾತ್ರಿ ಊಟದ ನಂತರ ಎರಡನೇ ಲೆಕ್ಕ.

ಜೇಬಿನಲ್ಲಿ ಹಿಡಿಯುವ ಸಣ್ಣ ನೋಟ್‌ಬುಕ್ ತೆಗೆದುಕೊಳ್ಳಿ. ಒಂದು ಪುಟದಲ್ಲಿ ಏಳು ದಿನಕ್ಕೆ ಹದಿನಾಲ್ಕು ಅಡ್ಡಗೆರೆ ಎಳೆಯಿರಿ. ದಿನಕ್ಕೆ ಎರಡು ಗೆರೆ: ಮೇಲಿನದು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ, ಕೆಳಗಿನದು ಅಲ್ಲಿಂದ ರಾತ್ರಿಯವರೆಗೆ. ತಪ್ಪಿದಷ್ಟು ಸಲ ಒಂದೊಂದು ಚುಕ್ಕೆ. ತಪ್ಪಿದ ಆ ಕ್ಷಣಕ್ಕೇ ಎದೆಯ ಮೇಲೆ ಕೈಯಿಟ್ಟು ಒಳಗೇ ಕ್ಷಮೆ ಕೇಳಬೇಕು. ನಾಲ್ಕು ಜನರ ನಡುವೆಯೂ ಯಾರಿಗೂ ಗೊತ್ತಾಗದಂತೆ ಇದನ್ನು ಮಾಡಬಹುದು ಎಂದು ಇಗ್ನೇಷಿಯಸ್ ಬರೆಯುತ್ತಾರೆ. ರಾತ್ರಿ ಎರಡು ಗೆರೆಗಳನ್ನು ಹೋಲಿಸಿ, ಮರುದಿನ ನಿನ್ನೆಯದರೊಂದಿಗೆ, ವಾರಾಂತ್ಯಕ್ಕೆ ಹಿಂದಿನ ವಾರದೊಂದಿಗೆ.

ದೋಷದ ಆಯ್ಕೆಯಲ್ಲಿ ಎಚ್ಚರ ಬೇಕು. ‘ಅಹಂಕಾರ’ ಎಂದು ಬರೆದುಕೊಂಡರೆ ಚುಕ್ಕೆ ಎಲ್ಲಿಡುವುದು? ಕಣ್ಣಿಗೆ ಕಾಣುವ, ಕಿವಿಗೆ ಕೇಳಿಸುವ ರೂಪಕ್ಕೆ ಇಳಿಸಿ: ಮಾತಿನ ನಡುವೆ ಬಾಯಿ ಹಾಕುವುದು, ಅತ್ತೆಯ ಬಗ್ಗೆ ಅಕ್ಕನ ಹತ್ತಿರ ದೂರುವುದು, ತಡವಾದದ್ದಕ್ಕೆ ಸುಳ್ಳು ಕಾರಣ ಹೇಳುವುದು, ಮಗು ಮಾತಾಡುವಾಗ ಮೊಬೈಲ್ ನೋಡುವುದು. ದೋಷದ ಪಕ್ಕದಲ್ಲೇ ಅದಕ್ಕೆ ಎದುರಾದ ಒಂದು ಪ್ರೀತಿಯ ಕೆಲಸವನ್ನೂ ಬರೆಯಿರಿ. ಬಾಯಿ ಹಾಕುವವರಿಗೆ ‘ಅವರ ಮಾತು ಮುಗಿದ ಮೇಲೆ ಒಂದು ಪ್ರಶ್ನೆ ಕೇಳುವುದು’. ಬರೀ ಬಿಡುವುದನ್ನೇ ಅಭ್ಯಾಸ ಮಾಡಿದರೆ ಮನಸ್ಸು ಖಾಲಿ ಉಳಿಯುತ್ತದೆ, ಹಳೆಯದು ಮತ್ತೆ ಬಂದು ಕೂರುತ್ತದೆ.

ಇನ್ನೊಂದು ಮಾತು: ಸಿಟ್ಟು ಬಂದದ್ದಕ್ಕೆ ಚುಕ್ಕೆ ಇಡಬೇಡಿ, ಸಿಟ್ಟಿನಿಂದ ಆಡಿದ ಮಾತಿಗೆ ಇಡಿ. ಧರ್ಮಸಭೆಯ (ಚರ್ಚಿನ) ಬೋಧನೆಯಲ್ಲಿ ಪ್ರಲೋಭನೆ ಎದುರಾಗುವುದು ಪಾಪವಲ್ಲ, ಮನಸ್ಸು ಅದಕ್ಕೆ ಒಪ್ಪುವುದು ಪಾಪ. ಈ ವ್ಯತ್ಯಾಸ ಮರೆತರೆ ಪುಸ್ತಕ ಪೀಡೆಯಾಗುತ್ತದೆ.

ಮೊದಲ ವಾರ ಚುಕ್ಕೆಗಳು ಹೆಚ್ಚಾದರೆ ಗಾಬರಿಯಾಗಬೇಡಿ. ಮುಂಚೆ ಗಮನಕ್ಕೇ ಬಾರದ್ದು ಈಗ ಕಾಣುತ್ತಿದೆ. ಒಂದೇ ದೋಷವನ್ನು ಕನಿಷ್ಠ ಒಂದು ತಿಂಗಳು ಹಿಡಿಯಿರಿ. ಚುಕ್ಕೆಗಳು ಒಂದೇ ಹೊತ್ತಿನಲ್ಲಿ, ಒಬ್ಬರೇ ವ್ಯಕ್ತಿಯ ಮುಂದೆ ಗುಂಪಾಗುತ್ತಿವೆಯೇ ನೋಡಿ. ಸಂಜೆ ಆರರಿಂದ ಎಂಟರ ನಡುವೆ ಮಾತ್ರ ಬೀಳುತ್ತಿದ್ದರೆ ಹಸಿವು, ದಣಿವುಗಳಿಗೂ ಅದರಲ್ಲಿ ಪಾಲಿರಬಹುದು. ಬೇಗ ಊಟ ಮಾಡುವುದೂ ಅಲ್ಲಿ ಒಳ್ಳೆಯ ನಿರ್ಧಾರವೇ.

ಎಲ್ಲಿ ಕೆಡುತ್ತದೆ

ಪ್ರಾರ್ಥನೆ ಒಣಗಿದ ದಿನಗಳು ಬಂದೇ ಬರುತ್ತವೆ. ಆಗ ‘ಇದು ನನಗಲ್ಲ’ ಎಂದು ಕ್ರಮವನ್ನೇ ಬದಲಿಸಬೇಡಿ. ಮನಸ್ಸು ಬೆಳಕಿನಲ್ಲಿದ್ದಾಗ ಮಾಡಿದ ನಿರ್ಧಾರವನ್ನು ಕತ್ತಲಲ್ಲಿ ಬದಲಿಸಕೂಡದು ಎಂಬುದು ಇಗ್ನೇಷಿಯಸರ ಸ್ಪಷ್ಟ ನಿಯಮ. ಹದಿನೈದು ನಿಮಿಷ ಕೂರಲಾಗದ ರಾತ್ರಿ ಹದಿನಾರು ನಿಮಿಷ ಕೂರಿ.

ಇದಕ್ಕಿಂತ ಅಪಾಯದ್ದು ಅತಿಶಂಕೆ. ಪಾಪನಿವೇದನೆಯಲ್ಲಿ, ಅಂದರೆ ಗುರುಗಳ (ಪಾದ್ರಿಗಳ) ಮುಂದೆ ಪಾಪ ಒಪ್ಪಿಕೊಂಡು ಕ್ಷಮೆ ಪಡೆಯುವಾಗ, ಹೇಳಿದ ಪಾಪವನ್ನೇ ಮತ್ತೆ ಮತ್ತೆ ಹೇಳುವುದು, ಕ್ಷಮೆ ಸಿಕ್ಕಿತೋ ಇಲ್ಲವೋ ಎಂದು ನಿದ್ದೆಗೆಡುವುದು. ಇಗ್ನೇಷಿಯಸರೇ ಸ್ಪೇನಿನ ಮನ್ರೇಸಾ ಊರಿನಲ್ಲಿ 1522ರ ಸುಮಾರಿಗೆ ಇದರಲ್ಲಿ ಸಿಲುಕಿದ್ದರು. ಪ್ರಾಣ ಕಳೆದುಕೊಳ್ಳುವ ಆಲೋಚನೆಯವರೆಗೂ ಹೋಗಿತ್ತು. ವಾರಪೂರ್ತಿ ಏನೂ ತಿನ್ನದೆ ಕೂತರು, ಗುರುಗಳು ಉಪವಾಸ ಮುರಿಯಲು ಆಜ್ಞೆ ಮಾಡಬೇಕಾಯಿತು. ಕೊನೆಗೆ ಹಳೆಯ ಪಾಪಗಳನ್ನು ಇನ್ನು ಎತ್ತುವುದಿಲ್ಲ ಎಂದು ತೀರ್ಮಾನಿಸಿದ ಮೇಲೆಯೇ ಅವರಿಗೆ ಬಿಡುಗಡೆ. ನಿಮ್ಮಲ್ಲಿ ಈ ಲಕ್ಷಣ ಕಂಡರೆ ಚುಕ್ಕೆ ಪುಸ್ತಕವನ್ನು ಕೂಡಲೇ ಮುಚ್ಚಿಡಿ, ಪ್ರತಿ ಸಲವೂ ಅದೇ ಒಬ್ಬ ಗುರುಗಳ ಬಳಿ ಹೋಗಿ, ಅವರು ‘ಸಾಕು’ ಅಂದರೆ ಸಾಕು. ಬದುಕುವುದೇ ಬೇಡ ಅನ್ನಿಸಿದರೆ ಅಂದೇ ಮನೆಯವರಿಗೆ ತಿಳಿಸಿ ವೈದ್ಯರನ್ನು ಕಾಣಿ; ಪ್ರಾರ್ಥನೆ ಅದರ ಜೊತೆಗೆ ಸಾಗಲಿ.

ಬಿದ್ದ ಮೇಲೆ ತನ್ನ ಮೇಲೆಯೇ ಕೆರಳುವವರು ಜಿನೀವಾದ ಧರ್ಮಾಧ್ಯಕ್ಷರಾಗಿದ್ದ ಸಂತ ಫ್ರಾನ್ಸಿಸ್ ಸಾಲೆಸರ (1567–1622) ಮಾತು ಕೇಳಬೇಕು: ಬೇರೆಯವರ ತಪ್ಪಿಗೆ ತೋರುವ ಸೌಮ್ಯತೆಯನ್ನು ನಿಮಗೂ ತೋರಿಸಿಕೊಳ್ಳಿ. ಆ ಕೆರಳುವಿಕೆ ಬಹಳ ಸಲ ಪಶ್ಚಾತ್ತಾಪವಾಗಿರುವುದಿಲ್ಲ, ‘ನಾನು ಇಂಥವನಾದೆನೇ’ ಎಂಬ ಅಭಿಮಾನಭಂಗವಾಗಿರುತ್ತದೆ.

ಪಾಪನಿವೇದನೆಗೆ ಒಯ್ಯುವುದು

ಗಂಭೀರ ಪಾಪಗಳನ್ನು ವರ್ಷಕ್ಕೊಮ್ಮೆಯಾದರೂ ನಿವೇದಿಸಬೇಕೆಂಬುದು ಧರ್ಮಸಭೆಯ ಕಟ್ಟಳೆ. ಲಘುಪಾಪಗಳಿಗೆ ಆ ಕಡ್ಡಾಯವಿಲ್ಲ, ಆದರೂ ನಿವೇದಿಸುವುದನ್ನು ಅದು ಪ್ರೋತ್ಸಾಹಿಸುತ್ತದೆ. ಈ ಸಾಧನೆ ಮಾಡುವವರು ತಿಂಗಳಿಗೊಮ್ಮೆ ಹೋಗುವುದು ಒಳ್ಳೆಯದು. ಹಿಂದಿನ ರಾತ್ರಿ ನಾಲ್ಕು ಪುಟ ತಿರುವಿ ಹಾಕಿ, ಪುಸ್ತಕವನ್ನು ಮನೆಯಲ್ಲೇ ಬಿಟ್ಟು ಹೋಗಿ. ಗಂಭೀರ ಪಾಪವಿದ್ದರೆ ಯಾವುದು, ಎಷ್ಟು ಸಲ ಎಂದು ಮೊದಲು ಹೇಳಿ. ಆಮೇಲೆ ಚುಕ್ಕೆಗಳ ಒಟ್ಟು ಲೆಕ್ಕ ಒಪ್ಪಿಸುವ ಅಗತ್ಯವಿಲ್ಲ. ‘ಈ ತಿಂಗಳು ಹೆಂಡತಿಯ ಮಾತನ್ನು ಕಡೆಗಣಿಸಿದ್ದೇನೆ, ಹೆಚ್ಚಾಗಿ ಸಂಜೆ, ಕೆಲಸದ ಸಿಟ್ಟನ್ನು ಮನೆಗೆ ತಂದಾಗ’ ಎಂಬಷ್ಟು ಖಚಿತತೆ ಸಾಕು. ಗುರುಗಳು ಕೊಟ್ಟ ಪ್ರಾಯಶ್ಚಿತ್ತವನ್ನು ಅವತ್ತೇ ಮುಗಿಸಿ. ಹಿಂದಿರುಗಿ ಬಂದು ಹೊಸ ಪುಟಕ್ಕೆ ಹದಿನಾಲ್ಕು ಗೆರೆ ಎಳೆಯಿರಿ, ಹಳೆಯ ನಾಲ್ಕು ಪುಟಗಳನ್ನು ಹರಿದು ಒಲೆಗೆ ಹಾಕಿ.