ಬಾರ್ಕೂರಿಗೆ ಮಕ್ಕಳನ್ನು ಕರೆದೊಯ್ಯುವುದಾದರೆ

ಮಳೆಗಾಲ ಕಳೆದು, ಕಲ್ಲಿನ ಪಾಚಿ ಒಣಗಿದ ಮೇಲೆ ಹೊರಡಿ. ನಾನು ಜುಲೈಯಲ್ಲಿ ಹೋಗಿ ಜಾರಿ ಬಿದ್ದವಳು. ತುಳುನಾಡನ್ನು ಆಳಿದ ಆಳುಪರ ರಾಜಧಾನಿ, ಆಮೇಲೆ ವಿಜಯನಗರದವರ ಬಾರಕೂರು ರಾಜ್ಯದ, ಅಂದರೆ ಪ್ರಾಂತ್ಯದ, ಕೇಂದ್ರ ಎಂದು ಬಸ್ಸಿನಲ್ಲೇ ಹೇಳಿ ಮುಗಿಸಿ, ಅಷ್ಟು ಸಾಕು.

ಕತ್ತಲೆ ಬಸದಿಗೆ ಬೆಳಿಗ್ಗೆ 8ರೊಳಗೆ ಮುಟ್ಟಬೇಕು. ಓರೆ ಬಿಸಿಲಿಗೆ ಶಾಸನದ ಸವೆದ ಅಕ್ಷರ ಎದ್ದು ಕಾಣುತ್ತದೆ. ನಡು ಮಧ್ಯಾಹ್ನ ಅದು ಬರೀ ಕಲ್ಲು. ಕಾಣದಿದ್ದರೆ ಸುಣ್ಣದಕಡ್ಡಿ ಉಜ್ಜಲು ಮಾತ್ರ ಬಿಡಬೇಡಿ, ಕಲ್ಲು ಹಾಳು. ಓದುವ ಮೊದಲು ಶಾಸನದ ಮೇಲ್ತುದಿಯಲ್ಲಿ ಸೂರ್ಯಚಂದ್ರರನ್ನು ಹುಡುಕಿಸಿ: ಅವರಿರುವ ತನಕ ಈ ದಾನ ನಡೆಯಲಿ ಎಂಬ ಗುರುತು ಅದು.

ಕೊನೆಗೆ ಸೀತಾ ನದಿಯ ದಂಡೆ. ‘ಇಲ್ಲೇ ಯಾಕೆ ಪೇಟೆ ಬೆಳೆಯಿತು?’ ಎಂದು ಕೇಳಿ, ಸುಮ್ಮನಿರಿ. ಕಳೆದ ಸಲ ಏಳನೆಯ ತರಗತಿಯ ಹುಡುಗನೊಬ್ಬ ಬುತ್ತಿ ಬಿಚ್ಚುತ್ತಲೇ, ‘ದೋಣಿ ಬತ್ತಿತ್ತಲ್ದಾ ಟೀಚರ್’ ಅಂದ.